ಪಂದ್ಯ ನಿಲ್ಲಿಸುವ ಹೊಣೆ

1990ರ ಮಾರ್ಚ್ 17ರ ರಾತ್ರಿ ಅಮೆರಿಕದ ಲಾಸ್ ವೇಗಸ್ ನಗರದಲ್ಲಿ ನಡೆದ ಒಂದು ಬಾಕ್ಸಿಂಗ್ ಪಂದ್ಯದ ಕುರಿತ ವಾದ ಇಂದಿಗೂ ತಣ್ಣಗಾಗಿಲ್ಲ. ಹನ್ನೆರಡು ಸುತ್ತುಗಳ ಆ ಪಂದ್ಯದಲ್ಲಿ ಅಮೆರಿಕದ ಮೆಲ್ಡ್ರಿಕ್ ಟೇಲರ್ ಮತ್ತು ಮೆಕ್ಸಿಕೋದ ಹೂಲಿಯೋ ಸೀಸರ್ ಚಾವೇಸ್ ಎದುರುಬದುರಾಗಿದ್ದರು. ಇಬ್ಬರೂ ಅಲ್ಲಿಯವರೆಗೆ ಸೋಲನ್ನು ಕಂಡವರಲ್ಲ. ಮೂವರು ತೀರ್ಪುಗಾರರ ಪೈಕಿ ಇಬ್ಬರ ಲೆಕ್ಕದಲ್ಲಿ ಟೇಲರ್ ಬಹಳ ಮುಂದಿದ್ದರು. ಕೊನೆಯ ಸುತ್ತು ಮುಗಿಯುವ ತನಕ ಪಂದ್ಯದಲ್ಲಿ ಉಳಿದಿದ್ದರೆ ಸಾಕು, ಗೆಲುವು ಅವರದೇ ಆಗುತ್ತಿತ್ತು. ಆದರೆ ಇನ್ನು ಇಪ್ಪತ್ತು ಸೆಕೆಂಡೂ ಉಳಿದಿಲ್ಲದ ಗಳಿಗೆಯಲ್ಲಿ ಚಾವೇಸ್ ಅವರ ಬಲಗೈ ಪೆಟ್ಟಿಗೆ ಟೇಲರ್ ಉರುಳಿದರು. ಹಗ್ಗ ಹಿಡಿದು ಎದ್ದು ನಿಂತರು. ರೆಫರಿ ರಿಚರ್ಡ್ ಸ್ಟೀಲ್ ಎಂಟರವರೆಗೆ ಎಣಿಸಿ, ಸರಿಯಾಗಿದ್ದೀಯಾ ಎಂದು ಎರಡು ಬಾರಿ ಕೇಳಿದರು. ಉತ್ತರ ಬರಲಿಲ್ಲ. ಟೇಲರ್ ಅವರ ನೋಟ ತಮ್ಮ ಮೂಲೆಯತ್ತ ಹೊರಳಿತ್ತು. ಸ್ಟೀಲ್ ಕೈಬೀಸಿ ಪಂದ್ಯವನ್ನು ನಿಲ್ಲಿಸಿಬಿಟ್ಟರು. ಆಗ ಗಡಿಯಾರದಲ್ಲಿ ಉಳಿದಿದ್ದುದು ಕೇವಲ ಎರಡು ಸೆಕೆಂಡು.

ಎರಡು ಸೆಕೆಂಡುಗಳಲ್ಲಿ ಚಾವೇಸ್ ಇನ್ನೊಂದು ಪೆಟ್ಟು ಕೊಡಲು ಸಾಧ್ಯವಿತ್ತೇ? ಗೆದ್ದ ಪಂದ್ಯವನ್ನು ಒಬ್ಬನ ಕೈಯಿಂದ ಕಿತ್ತುಕೊಳ್ಳುವ ಹಕ್ಕು ರೆಫರಿಗೆ ಯಾರು ಕೊಟ್ಟರು? ಇಂಥ ಪ್ರಶ್ನೆಗಳನ್ನು ಎದುರಿಸಿದ ಸ್ಟೀಲ್, ಮುಂದೆ ಅಖಾಡಕ್ಕೆ ಕಾಲಿಟ್ಟಾಗಲೆಲ್ಲ ಪ್ರೇಕ್ಷಕರ ಕೂಗಾಟವನ್ನೂ ಸಹಿಸಬೇಕಾಯಿತು. ಅವರು ಕೊಟ್ಟ ಉತ್ತರದ ತಾತ್ಪರ್ಯ ಇಷ್ಟೇ: ಸಮಯ ನೋಡುವುದು ತನ್ನ ಕೆಲಸವಲ್ಲ, ಸಾಕಷ್ಟು ಪೆಟ್ಟು ತಿಂದವನನ್ನು ಕಂಡಾಗ ಪಂದ್ಯ ನಿಲ್ಲಿಸುವುದು ತನ್ನ ಕೆಲಸ. ಆ ರಾತ್ರಿ ಟೇಲರ್ ಅವರನ್ನು ಆಸ್ಪತ್ರೆಗೆ ಕರೆದೊಯ್ದಾಗ ಮುಖದ ಎಲುಬು ಮುರಿದಿತ್ತು. ಪಂದ್ಯದುದ್ದಕ್ಕೂ ಅವರು ತಮ್ಮದೇ ರಕ್ತವನ್ನು ನುಂಗುತ್ತಿದ್ದರೆಂಬುದು ತಿಳಿದುಬಂತು. ಮುಂದಿನ ವರ್ಷಗಳಲ್ಲಿ ಅವರ ಮಾತು ತೊದಲತೊಡಗಿತು. ಎರಡು ಸೆಕೆಂಡಿನ ಲೆಕ್ಕ ಹಾಕಿದವರು ಅದಕ್ಕೆ ಮೊದಲಿನ ಮೂವತ್ತೈದು ನಿಮಿಷಗಳ ಪೆಟ್ಟುಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ ಎಂಬುದು ನಮ್ಮ ಅನಿಸಿಕೆ.

ಈ ಪುಟದಲ್ಲಿ ಬಾಕ್ಸಿಂಗ್ ವಿಚಾರವೇಕೆ ಎಂದು ಕೆಲವು ಓದುಗರು ಹುಬ್ಬೇರಿಸಬಹುದು. ಈ ಆಟ ಈಗ ನಮ್ಮ ಹಿತ್ತಲಿಗೇ ಬಂದಿದೆ. 2008ರಲ್ಲಿ ಬೀಜಿಂಗ್‌ನಲ್ಲಿ ವಿಜೇಂದರ್ ಸಿಂಗ್, 2012ರಲ್ಲಿ ಲಂಡನ್‌ನಲ್ಲಿ ಮೇರಿ ಕೋಮ್, 2021ರಲ್ಲಿ ಟೋಕಿಯೋದಲ್ಲಿ ಲವ್ಲಿನಾ ಬೊರ್ಗೊಹೈನ್ ಒಲಿಂಪಿಕ್ ಪದಕಗಳನ್ನು ತಂದ ಬಳಿಕ ಕೈಗವಸು ತೊಡುವ ಹುಡುಗ ಹುಡುಗಿಯರು ದೇಶದ ಮೂಲೆಮೂಲೆಗಳಲ್ಲಿದ್ದಾರೆ. ಬಾಕ್ಸಿಂಗ್‌ನ ದಾಯಾದಿಗಳಂತಿರುವ ಕಿಕ್ ಬಾಕ್ಸಿಂಗ್ ಮೊದಲಾದ ಹೊಡೆದಾಟದ ಆಟಗಳೂ ನಮ್ಮ ನಗರಗಳಲ್ಲಿ ಬೇರೂರಿವೆ. 2022ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ನಡೆದ ಒಂದು ಕಿಕ್ ಬಾಕ್ಸಿಂಗ್ ಸ್ಪರ್ಧೆಯಲ್ಲಿ ಮೈಸೂರಿನ 23 ವರ್ಷದ ಯುವಕನೊಬ್ಬ ತಲೆಗೆ ಪೆಟ್ಟು ತಿಂದು ಕುಸಿದುಬಿದ್ದು, ಆಸ್ಪತ್ರೆಯಲ್ಲಿ ಪ್ರಾಣಬಿಟ್ಟ. ಮಗನನ್ನು ಆಟಕ್ಕೆ ಕಳುಹಿಸಿದ ಮನೆಗೆ ಮಗನ ಶವ ಬಂತು. ಆದ್ದರಿಂದ ಪಂದ್ಯವನ್ನು ಯಾವಾಗ ನಿಲ್ಲಿಸಬೇಕು, ಯಾರು ನಿಲ್ಲಿಸಬೇಕು ಎಂಬ ಪ್ರಶ್ನೆ ದೂರದ ಲಾಸ್ ವೇಗಸ್‌ಗೆ ಮಾತ್ರ ಸೇರಿದ್ದಲ್ಲ.

ಬಿದ್ದವನ ವಿಷಯದಲ್ಲಿ ನಿಯಮ ಸ್ಪಷ್ಟವಾಗಿದೆ. 1867ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಕ್ವೀನ್ಸ್‌ಬರಿ ನಿಯಮಾವಳಿಯ ಕಾಲದಿಂದಲೂ ನೆಲಕ್ಕೆ ಬಿದ್ದವನಿಗೆ ಹತ್ತು ಸೆಕೆಂಡುಗಳ ಗಡುವು. ಅಷ್ಟರಲ್ಲಿ ಏಳದಿದ್ದರೆ ಅವನು ಸೋತಂತೆ. ಎದ್ದರೂ ಎಂಟರ ಎಣಿಕೆ ಮುಗಿಯುವವರೆಗೆ ಎದುರಾಳಿ ಅವನನ್ನು ಮುಟ್ಟುವಂತಿಲ್ಲ ಎಂಬ ನಿಯಮ ನಂತರದ ಕಾಲದ್ದು. ಹವ್ಯಾಸಿ ಬಾಕ್ಸಿಂಗ್‌ನಲ್ಲಿ ನಿಂತೇ ಇರುವವನಿಗೂ ಎಣಿಕೆ ಹಾಕಿ ಉಸಿರಾಡಲು ಬಿಡುವ ಪದ್ಧತಿಯುಂಟು. ಎಣಿಕೆ ಮತ್ತೆ ಮತ್ತೆ ಬಂದರೆ ಪಂದ್ಯ ಅಲ್ಲಿಗೇ ಮುಗಿಯುತ್ತದೆ. ಆದರೆ ಹಣಕ್ಕಾಗಿ ನಡೆಯುವ ವೃತ್ತಿಪರ ಬಾಕ್ಸಿಂಗ್‌ನಲ್ಲಿ ಸಾಮಾನ್ಯವಾಗಿ ಆ ಅನುಕೂಲವಿಲ್ಲ. ಬೀಳದೆ ನಿಂತು, ಕೈ ಎತ್ತಲಾರದೆ, ಪೆಟ್ಟಿನ ಮೇಲೆ ಪೆಟ್ಟು ತಿನ್ನುತ್ತಿರುವವನಿಗೆ ಯಾವ ಎಣಿಕೆಯೂ ಇಲ್ಲ. ಅವನಿಗೂ ಅವನ ಸಾವಿಗೂ ನಡುವೆ ನಿಂತಿರುವುದು ರೆಫರಿಯ ವಿವೇಚನೆಯೊಂದೇ.

ಆ ವಿವೇಚನೆ ಕೆಲವು ಕ್ಷಣ ತಡವಾದರೆ ಏನಾಗುತ್ತದೆಂಬುದನ್ನು 1962ರ ಮಾರ್ಚ್ 24ರಂದು ಅಮೆರಿಕದ ಜನ ತಮ್ಮ ಮನೆಗಳಲ್ಲಿ ಕುಳಿತು ಟೆಲಿವಿಷನ್‌ನಲ್ಲಿ ನೋಡಿದರು. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಕ್ಯೂಬಾ ಮೂಲದ ಬೆನ್ನಿ ಪ್ಯಾರೆಟ್ ಅವರಿಗೆ ಎಮಿಲ್ ಗ್ರಿಫಿತ್ ಎದುರಾಳಿ. ಮೂರು ತಿಂಗಳ ಹಿಂದೆಯಷ್ಟೇ ಪ್ಯಾರೆಟ್ ಇನ್ನೊಂದು ಪಂದ್ಯದಲ್ಲಿ ಭಾರೀ ಪೆಟ್ಟು ತಿಂದು ಸೋತಿದ್ದರು. ಈ ಪಂದ್ಯದ ಆರನೆಯ ಸುತ್ತಿನಲ್ಲಿ ಅವರೇ ಗ್ರಿಫಿತ್ ಅವರನ್ನು ನೆಲಕ್ಕುರುಳಿಸಿದ್ದೂ ಉಂಟು. ಹನ್ನೆರಡನೆಯ ಸುತ್ತಿನಲ್ಲಿ ಗ್ರಿಫಿತ್ ಅವರನ್ನು ಮೂಲೆಗೆ ನೂಕಿ ಹೊಡೆಯತೊಡಗಿದರು. ಇಪ್ಪತ್ತಕ್ಕೂ ಹೆಚ್ಚು ಪೆಟ್ಟುಗಳು ಬಿದ್ದವು. ಒಂದಕ್ಕೂ ಮರುಪೆಟ್ಟು ಬರಲಿಲ್ಲ. ಪ್ಯಾರೆಟ್ ಬೀಳಲಿಲ್ಲ, ಏಕೆಂದರೆ ಮೂಲೆಯ ಹಗ್ಗಗಳು ಅವರನ್ನು ಬೀಳಗೊಡಲಿಲ್ಲ. ರೆಫರಿ ರೂಬಿ ಗೋಲ್ಡ್‌ಸ್ಟೀನ್ ಓಡಿಬಂದು ಗ್ರಿಫಿತ್ ಅವರನ್ನು ಎಳೆಯುವ ಹೊತ್ತಿಗೆ ಆಗಬಾರದ್ದು ಆಗಿಹೋಗಿತ್ತು. ಪ್ರಜ್ಞೆ ಮರಳದೆ ಏಪ್ರಿಲ್ 3ರಂದು ಪ್ಯಾರೆಟ್ ತೀರಿಕೊಂಡರು.

ಗೋಲ್ಡ್‌ಸ್ಟೀನ್ ಕೆಟ್ಟ ರೆಫರಿಯಾಗಿರಲಿಲ್ಲ. ತಾವೇ ಬಾಕ್ಸರ್ ಆಗಿದ್ದವರು, ಹೆಸರಾಂತರು. ತನಿಖೆ ನಡೆಸಿದ ರಾಜ್ಯದ ಮಂಡಳಿ ಅವರನ್ನು ದೋಷಿಯೆನ್ನಲಿಲ್ಲ. ಸೋತವರಂತೆ ನಟಿಸಿ, ಎದುರಾಳಿ ಮೈಮರೆತಾಗ ತಿರುಗಿ ಹೊಡೆಯುವ ಚಾಳಿ ಪ್ಯಾರೆಟ್ ಅವರಿಗಿತ್ತು, ಆದ್ದರಿಂದಲೇ ರೆಫರಿ ಹಿಂಜರಿದರು ಎಂದು ಹೇಳಿದವರಿದ್ದಾರೆ. ಹಾಗಿದ್ದರೆ ಅದರಿಂದ ಕಲಿಯಬೇಕಾದ ಪಾಠವೊಂದಿದೆ. ರೆಫರಿ ನೋಡಬೇಕಾದ್ದು ಎದುರಿಗಿರುವ ದೇಹವನ್ನೇ ಹೊರತು ಅದರ ಹಿಂದಿನ ಕೀರ್ತಿಯನ್ನಲ್ಲ. ಚಾಂಪಿಯನ್ ಎಂಬ ಪಟ್ಟ ಮಿದುಳಿಗೆ ಕವಚವಾಗುವುದಿಲ್ಲ.

ಈ ಪೆಟ್ಟುಗಳು ಒಳಗೆ ಮಾಡುವ ಹಾನಿಯನ್ನು ವೈದ್ಯರು ಬಹಳ ಹಿಂದೆಯೇ ವಿವರಿಸಿದ್ದಾರೆ. ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲೇ ಹಳೆಯ ಬಾಕ್ಸರುಗಳ ತೂರಾಟ, ತೊದಲು, ಮರೆವುಗಳಿಗೆ ತಲೆಯ ಮೇಲಿನ ಪೆಟ್ಟುಗಳೇ ಕಾರಣವೆಂದು ಬರೆದರು. ಅದು ವರ್ಷಗಳುದ್ದಕ್ಕೂ ಸಾಗುವ ಹಾನಿ. ಅಖಾಡದಲ್ಲೇ ಆಗುವ ಸಾವಿನ ದಾರಿ ಬೇರೆ. ಗದ್ದಕ್ಕೋ ಕೆನ್ನೆಗೋ ಬಿದ್ದ ಪೆಟ್ಟಿಗೆ ತಲೆ ಥಟ್ಟನೆ ತಿರುಗಿದಾಗ ಬುರುಡೆಯೊಳಗಿನ ಮಿದುಳು ಹಿಂದುಳಿಯುತ್ತದೆ. ಮಿದುಳಿಗೂ ಅದರ ಹೊದಿಕೆಗೂ ನಡುವೆ ಸೇತುವೆಯಂತಿರುವ ಸಣ್ಣ ರಕ್ತನಾಳಗಳು ಹರಿಯುತ್ತವೆ. ಸೋರಿದ ರಕ್ತಕ್ಕೆ ಹೊರಹೋಗಲು ದಾರಿಯಿಲ್ಲದೆ ಅದು ಮಿದುಳನ್ನೇ ಒತ್ತುತ್ತದೆ. ಇಲ್ಲಿರುವ ಮೋಸವೆಂದರೆ, ಆ ಸೋರಿಕೆ ಮೊದಲ್ಗೊಂಡ ಮೇಲೂ ಮನುಷ್ಯ ಕೆಲಕಾಲ ನಿಂತಿರಬಲ್ಲ, ನಡೆಯಬಲ್ಲ, ಮಾತನಾಡಬಲ್ಲ. ಎದ್ದು ನಿಂತಿದ್ದಾನೆಂಬ ಮಾತ್ರಕ್ಕೆ ಅವನು ಕ್ಷೇಮವಾಗಿದ್ದಾನೆಂದು ಹೇಳಲಾಗದು.

ಹಾಗಾದರೆ ರೆಫರಿ ಏನನ್ನು ನೋಡಿ ತೀರ್ಮಾನಿಸಬೇಕು? ಬಾಕ್ಸರನ ಬಾಯಿಮಾತನ್ನು ನಂಬುವಂತಿಲ್ಲ. ನೋವನ್ನು ಮುಚ್ಚಿಡುವುದೇ ಅವನು ಬಾಲ್ಯದಿಂದ ಕಲಿತ ವಿದ್ಯೆ. ಸಾಕೆಂದು ಹೇಳುವುದನ್ನು ಅವನಿಗೆ ಯಾರೂ ಕಲಿಸಿಲ್ಲ. ಕಲಿಸಿದ್ದರೆ ಅವನು ಆ ಮಟ್ಟಕ್ಕೆ ಏರುತ್ತಲೇ ಇರಲಿಲ್ಲ. ಅದರಿಂದ ರೆಫರಿ ಕಣ್ಣನ್ನು ನೋಡಬೇಕು, ಅದು ಎದುರಿಗಿರುವುದನ್ನು ಹಿಡಿಯುತ್ತಿದೆಯೇ ಎಂದು. ಕಾಲನ್ನು ನೋಡಬೇಕು, ಕರೆದರೆ ಎರಡು ಹೆಜ್ಜೆ ನೇರವಾಗಿ ಬರುತ್ತಾನೆಯೇ ಎಂದು. ಕೈಯನ್ನು ನೋಡಬೇಕು, ಪೆಟ್ಟು ಬರುವ ಮೊದಲೇ ಏಳುತ್ತಿದೆಯೇ, ಬಿದ್ದ ಮೇಲೆ ಏಳುತ್ತಿದೆಯೇ ಎಂದು. ಒಂದು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಒಂದು ದೊಡ್ಡ ಪೆಟ್ಟನ್ನಲ್ಲ, ಸುತ್ತಿನಿಂದ ಸುತ್ತಿಗೆ ಕೂಡುತ್ತಾ ಬಂದ ಪೆಟ್ಟುಗಳ ಮೊತ್ತವನ್ನು ನೆನಪಿಡಬೇಕು. ತನ್ನನ್ನು ಬುದ್ಧಿಪೂರ್ವಕವಾಗಿ ಕಾಪಾಡಿಕೊಳ್ಳಲಾರದ ಸ್ಥಿತಿಗೆ ಒಬ್ಬನು ಬಂದ ಕ್ಷಣವೇ ಪಂದ್ಯ ನಿಲ್ಲಬೇಕಾದ ಕ್ಷಣ. ಬೀಳುವವರೆಗೆ ಕಾಯುವವನು ರೆಫರಿಯಲ್ಲ, ಬರಿಯ ಸಾಕ್ಷಿ.

ಇದಕ್ಕೆ ಪ್ರತಿವಾದವಿಲ್ಲವೆಂದು ನಾವು ಹೇಳುವುದಿಲ್ಲ. 2005ರ ಮೇ 7ರಂದು ಲಾಸ್ ವೇಗಸ್‌ನಲ್ಲಿ ಡಿಯಾಗೋ ಕೊರಾಲೆಸ್ ಎಂಬವರು ಹತ್ತನೆಯ ಸುತ್ತಿನಲ್ಲಿ ಎರಡು ಬಾರಿ ನೆಲಕ್ಕುರುಳಿ, ಎರಡು ಬಾರಿಯೂ ಎದ್ದು, ಅದೇ ಸುತ್ತಿನಲ್ಲಿ ಎದುರಾಳಿ ಹೊಸೆ ಲೂಯಿಸ್ ಕ್ಯಾಸ್ಟಿಲೊ ಅವರನ್ನು ಸೋಲಿಸಿಬಿಟ್ಟರು. ರೆಫರಿ ಟೋನಿ ವೀಕ್ಸ್ ಅವರು ಎರಡನೆಯ ಬಾರಿ ಬಿದ್ದಾಗಲೇ ಕೈಬೀಸಿದ್ದರೆ, ಬಾಕ್ಸಿಂಗ್ ಪ್ರಿಯರು ಇಂದಿಗೂ ಕೊಂಡಾಡುವ ಆ ಗೆಲುವು ಇರುತ್ತಿರಲಿಲ್ಲ. ಬಡತನದಿಂದ ಬಂದು, ಮುಷ್ಟಿಯನ್ನೇ ಬಂಡವಾಳವಾಗಿಸಿಕೊಂಡವನಿಗೆ ಒಂದು ಸೋಲೆಂದರೆ ವರ್ಷಗಳ ದುಡಿಮೆ ನೀರುಪಾಲಾದಂತೆ. ಅವಸರದ ರೆಫರಿ ಅವನ ಅನ್ನಕ್ಕೆ ಕಲ್ಲು ಹಾಕಬಲ್ಲ. ಈ ಮಾತಿನಲ್ಲಿ ಸತ್ಯವಿದೆ.

ಆದರೆ ಅದೇ ವರ್ಷ, ಅದೇ ನಗರದಲ್ಲಿ, ಅದೇ ವೀಕ್ಸ್ ಅವರು ರೆಫರಿಯಾಗಿದ್ದ ಇನ್ನೊಂದು ಪಂದ್ಯವನ್ನೂ ನೆನೆಯಬೇಕು. ಸೆಪ್ಟೆಂಬರ್ 17ರಂದು ಲೆವಾಂಡರ್ ಜಾನ್ಸನ್ ಎಂಬ ಚಾಂಪಿಯನ್ ಸುತ್ತಿನ ಮೇಲೆ ಸುತ್ತು ಪೆಟ್ಟು ತಿನ್ನುತ್ತಾ ಹೋದರು. ಅವರ ಮೂಲೆಯಲ್ಲಿ ತರಬೇತುದಾರರಾಗಿ ನಿಂತಿದ್ದವರು ಅವರ ಸ್ವಂತ ತಂದೆ. ಹನ್ನೊಂದನೆಯ ಸುತ್ತಿನಲ್ಲಿ ವೀಕ್ಸ್ ಪಂದ್ಯವನ್ನು ನಿಲ್ಲಿಸಿದರು. ಜಾನ್ಸನ್ ಬಿದ್ದಿರಲಿಲ್ಲ. ತಮ್ಮ ಕಾಲಮೇಲೆ ನಡೆದೇ ಕೋಣೆಗೆ ಹೋದರು. ಅಲ್ಲಿ ಅವರ ಸ್ಥಿತಿ ಹದಗೆಟ್ಟಿತು. ಐದು ದಿನಗಳ ಬಳಿಕ ತೀರಿಕೊಂಡರು. ರೆಫರಿ, ವೈದ್ಯರು, ಹೆತ್ತ ತಂದೆ, ಇವರೆಲ್ಲರ ಕಣ್ಣೆದುರಿಗೇ ಇದು ನಡೆಯಿತು. ಇವರಲ್ಲಿ ಯಾರನ್ನೂ ದೂಷಿಸಲು ನಾವು ಈ ಮಾತನ್ನೆತ್ತಿಲ್ಲ. ಅನುಭವಿಗಳ ಕಣ್ಣಿಗೂ ಕಾಣದಂತೆ ಆ ಗಡಿ ದಾಟಿಹೋಗುತ್ತದೆ ಎಂಬುದಷ್ಟೇ ನಮ್ಮ ಮಾತು.

ಗಡಿ ಕಾಣದ ಕಡೆ ಒಂದು ಹೆಜ್ಜೆ ಹಿಂದೆಯೇ ನಿಲ್ಲುವುದು ವಿವೇಕ. ಬೇಗ ನಿಲ್ಲಿಸಿದ ತಪ್ಪಿಗೆ ಪರಿಹಾರವಿದೆ. ಮರುಪಂದ್ಯ ಏರ್ಪಡಿಸಬಹುದು, ಟೇಲರ್ ಮತ್ತು ಚಾವೇಸ್ 1994ರಲ್ಲಿ ಮತ್ತೊಮ್ಮೆ ಸೆಣಸಿದರು, ಅಲ್ಲಿಯೂ ಗೆಲುವು ಚಾವೇಸ್ ಅವರದಾಯಿತು. ತಡವಾಗಿ ನಿಲ್ಲಿಸಿದ ತಪ್ಪಿಗೆ ಯಾವ ಮೇಲ್ಮನವಿಯೂ ಇಲ್ಲ. ಎರಡು ತಪ್ಪುಗಳಲ್ಲಿ ಒಂದನ್ನು ಮಾಡಲೇಬೇಕಾದಾಗ ತಿದ್ದಲು ಬರುವ ತಪ್ಪನ್ನೇ ಮಾಡಬೇಕು. ನ್ಯಾಯಾಲಯದಲ್ಲಿ ಸಂಶಯದ ಲಾಭ ಆರೋಪಿಗೆ ಸಲ್ಲುವಂತೆ, ಅಖಾಡದಲ್ಲಿ ಸಂಶಯದ ಲಾಭ ಪೆಟ್ಟು ತಿನ್ನುತ್ತಿರುವವನ ಪ್ರಾಣಕ್ಕೆ ಸಲ್ಲಬೇಕು. ಈ ದೃಷ್ಟಿಯಿಂದ ರಿಚರ್ಡ್ ಸ್ಟೀಲ್ ಅವರು ಮಾಡಿದ್ದು ಸರಿ ಎಂದೇ ನಮ್ಮ ತೀರ್ಮಾನ. ಉಳಿದದ್ದು ಎರಡು ಸೆಕೆಂಡೋ ಎರಡು ನಿಮಿಷವೋ ಎಂಬುದು ಅವರ ಲೆಕ್ಕಕ್ಕೆ ಬರಬೇಕಾದ ಸಂಗತಿಯಲ್ಲ.

ಆದರೂ ಇಷ್ಟು ದೊಡ್ಡ ಹೊಣೆಯನ್ನು ಒಬ್ಬನ ಹೆಗಲಿಗೇ ಹೊರಿಸಿ ನಾವೆಲ್ಲ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. 1982ರ ನವೆಂಬರ್ 13ರಂದು ದಕ್ಷಿಣ ಕೊರಿಯಾದ ಕಿಮ್ ಡುಕ್ ಕೂ, ರೇ ಮಾನ್ಸಿನಿ ಅವರೊಡನೆ ಸೆಣಸಿ ಹದಿನಾಲ್ಕನೆಯ ಸುತ್ತಿನಲ್ಲಿ ಬಿದ್ದು, ಕೆಲವು ದಿನಗಳಲ್ಲಿ ಪ್ರಾಣ ಕಳೆದುಕೊಂಡರು. ಮರುವರ್ಷ ಅವರ ತಾಯಿ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಆ ಪಂದ್ಯದ ರೆಫರಿ ರಿಚರ್ಡ್ ಗ್ರೀನ್ ಅವರ ಬದುಕೂ 1983ರ ಜುಲೈಯಲ್ಲಿ ಹಾಗೆಯೇ ಕೊನೆಗೊಂಡಿತು. ಅದಕ್ಕೆ ಆ ಪಂದ್ಯವೇ ಕಾರಣವೆಂದು ಹೇಳುವ ಅಧಿಕಾರ ನಮಗಿಲ್ಲ. ಆದರೆ ಇಂಥ ರಾತ್ರಿಯ ಭಾರವನ್ನು ಹೊತ್ತು ಒಬ್ಬ ಮನುಷ್ಯ ಮನೆಗೆ ಹೋಗುವುದೆಂದರೆ ಏನೆಂದು ಊಹಿಸಬಲ್ಲೆವು. ಆ ಸಾವಿನ ನಂತರ ವಿಶ್ವ ಬಾಕ್ಸಿಂಗ್ ಮಂಡಳಿ ಪ್ರಶಸ್ತಿ ಪಂದ್ಯಗಳನ್ನು ಹದಿನೈದು ಸುತ್ತುಗಳಿಂದ ಹನ್ನೆರಡಕ್ಕೆ ಇಳಿಸಿತು. ಇತರ ಸಂಸ್ಥೆಗಳೂ ಕ್ರಮೇಣ ಅದೇ ದಾರಿ ಹಿಡಿದವು. ನಿಯಮ ರೂಪಿಸುವವರೂ ರೆಫರಿಯ ಭಾರವನ್ನು ಹೊರಬಲ್ಲರು ಎಂಬುದಕ್ಕೆ ಇದೊಂದು ನಿದರ್ಶನ.

ಬಾಕ್ಸರನ ಮೂಲೆಯಲ್ಲಿ ನಿಂತಿರುವ ತರಬೇತುದಾರನ ಹೊಣೆ ಇನ್ನೂ ದೊಡ್ಡದು, ಏಕೆಂದರೆ ಅವನು ಆ ದೇಹವನ್ನು ವರ್ಷಗಟ್ಟಲೆ ಬಲ್ಲವನು. 1975ರ ಅಕ್ಟೋಬರ್ 1ರಂದು ಫಿಲಿಪ್ಪೀನ್ಸ್‌ನಲ್ಲಿ ಮಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್ ಮೂರನೆಯ ಬಾರಿ ಎದುರಾದರು. ಹದಿನಾಲ್ಕು ಸುತ್ತುಗಳಾದಾಗ ಫ್ರೇಜಿಯರ್ ಅವರ ಕಣ್ಣುಗಳು ಬಾತು, ಬರುವ ಪೆಟ್ಟೇ ಕಾಣದಂತಾಗಿತ್ತು. ಉಳಿದದ್ದು ಒಂದೇ ಸುತ್ತು. ಫ್ರೇಜಿಯರ್ ಹೋಗುತ್ತೇನೆಂದು ಹಟ ಹಿಡಿದರು. ಅವರ ತರಬೇತುದಾರ ಎಡ್ಡಿ ಫಚ್ ಅವರನ್ನು ಕೂರಿಸಿ ಪಂದ್ಯವನ್ನು ಬಿಟ್ಟುಕೊಟ್ಟರು. ವಿಶ್ವ ಪ್ರಶಸ್ತಿ ಕೈತಪ್ಪಿತು. ಫ್ರೇಜಿಯರ್ ಅವರು 2011ರವರೆಗೆ, ಮತ್ತೆ ಮೂವತ್ತಾರು ವರ್ಷ ಬಾಳಿದರು. ಶಿಷ್ಯನ ಕೋಪಕ್ಕಿಂತ ಶಿಷ್ಯನ ಪ್ರಾಣ ದೊಡ್ಡದೆಂದು ತಿಳಿದ ಗುರು ಅವರು.

ಪಂದ್ಯ ನಿಂತ ಮೇಲೂ ಹೊಣೆ ಮುಗಿಯುವುದಿಲ್ಲ. 1991ರ ಸೆಪ್ಟೆಂಬರ್ 21ರಂದು ಲಂಡನ್‌ನಲ್ಲಿ ಕ್ರಿಸ್ ಯೂಬ್ಯಾಂಕ್ ಅವರೊಡನೆ ಸೆಣಸಿದ ಮೈಕೆಲ್ ವಾಟ್ಸನ್ ಅವರ ಪಂದ್ಯವನ್ನು ರೆಫರಿ ಹನ್ನೆರಡನೆಯ ಸುತ್ತಿನಲ್ಲಿ ನಿಲ್ಲಿಸಿದರು. ವಾಟ್ಸನ್ ಕುಸಿದರು. ಅವರಿಗೆ ತಕ್ಕ ಚಿಕಿತ್ಸೆ ದೊರೆತದ್ದು ಸುಮಾರು ಅರ್ಧ ಗಂಟೆಯ ಬಳಿಕ, ಆಸ್ಪತ್ರೆಯಲ್ಲಿ. ಅವರು ಬದುಕಿದರು, ಆದರೆ ದೇಹದ ಒಂದು ಭಾಗ ಸ್ವಾಧೀನ ತಪ್ಪಿತು. ಅಖಾಡದ ಪಕ್ಕದಲ್ಲೇ ತಕ್ಕ ಚಿಕಿತ್ಸೆಯ ವ್ಯವಸ್ಥೆ ಇರುವಂತೆ ನೋಡಿಕೊಳ್ಳುವುದು ಕ್ರೀಡಾ ಮಂಡಳಿಯ ಕರ್ತವ್ಯವಾಗಿತ್ತೆಂದು 2000ದಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. 2003ರಲ್ಲಿ ವಾಟ್ಸನ್ ಆರು ದಿನ ನಡೆದು ಲಂಡನ್ ಮ್ಯಾರಥಾನ್ ಪೂರ್ತಿಗೊಳಿಸಿದರು. ಇತರರು ಕೆಲವು ಗಂಟೆಗಳಲ್ಲಿ ಮುಗಿಸುವ ದಾರಿ ಅದು.

ಇಂಥ ಆಟವೇ ಬೇಡ ಎನ್ನುವವರಿದ್ದಾರೆ. ವಿಶ್ವ ವೈದ್ಯಕೀಯ ಸಂಘ 1983ರಲ್ಲೇ ಬಾಕ್ಸಿಂಗ್ ನಿಷೇಧಕ್ಕೆ ಶಿಫಾರಸು ಮಾಡಿತು. ರೋಮ್‌ನಿಂದ ಹೊರಡುವ ಯೇಸುಸಭೆಯವರ ಪತ್ರಿಕೆ ಚಿವಿಲ್ತಾ ಕತ್ತೋಲಿಕಾ 2005ರಲ್ಲಿ ವೃತ್ತಿಪರ ಬಾಕ್ಸಿಂಗನ್ನು ಅತ್ಯಂತ ಕಠಿಣವಾಗಿ ಖಂಡಿಸಿತು. ಆ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಆಟ ನಡೆಯುತ್ತಲೇ ಇದೆ; ನಮ್ಮೂರಿನ ಮಕ್ಕಳೂ ಅದರಲ್ಲಿದ್ದಾರೆ. ನಿಷೇಧದ ವಾದ ತೀರ್ಮಾನವಾಗುವವರೆಗೆ ಆ ಮಕ್ಕಳು ಕಾಯುತ್ತಿರಲಾರರು. ಆದ್ದರಿಂದ ಇಂದೇ ಮಾಡಬಹುದಾದ ಕೆಲವು ಕೆಲಸಗಳನ್ನು ಸಂಘಟಕರಿಗೂ ಹೆತ್ತವರಿಗೂ ನೆನಪಿಸಲು ಇಚ್ಛಿಸುತ್ತೇವೆ.

ವೈದ್ಯರೂ ಆಂಬುಲೆನ್ಸೂ ಬಂದು ನಿಲ್ಲುವ ಮೊದಲು ಗಂಟೆ ಬಾರಿಸಕೂಡದು. ತಲೆಯ ಶಸ್ತ್ರಚಿಕಿತ್ಸೆ ಮಾಡಬಲ್ಲ ಆಸ್ಪತ್ರೆ ಎಲ್ಲಿದೆ, ಅಲ್ಲಿಗೆ ಎಷ್ಟು ಹೊತ್ತಿನ ದಾರಿ ಎಂಬುದು ಸಂಘಟಕರಿಗೆ ಮುಂಚಿತವಾಗಿಯೇ ತಿಳಿದಿರಬೇಕು. ತರಬೇತಿ ಪಡೆಯದವರನ್ನು ಬಲಾತ್ಕಾರಕ್ಕೋ ಸ್ನೇಹಕ್ಕೋ ರೆಫರಿಯಾಗಿ ನಿಲ್ಲಿಸಕೂಡದು. ಇತ್ತೀಚೆಗೆ ಪೆಟ್ಟು ತಿಂದು ಸೋತವನನ್ನು ವಿಶ್ರಾಂತಿಯಿಲ್ಲದೆ ಮತ್ತೆ ಕಣಕ್ಕಿಳಿಸಕೂಡದು. ಹೆತ್ತವರು ಮಗನ ಪದಕಗಳ ಬಗ್ಗೆ ವಿಚಾರಿಸುವ ಮೊದಲು, ಅವನ ಗುರು ಎಂದಾದರೂ ಪಂದ್ಯವನ್ನು ಬಿಟ್ಟುಕೊಟ್ಟದ್ದುಂಟೇ ಎಂದು ವಿಚಾರಿಸಲಿ. ಒಮ್ಮೆಯೂ ಬಿಟ್ಟುಕೊಡದ ಗುರುವಿನ ಬಗ್ಗೆ ಹೆಮ್ಮೆಪಡುವ ಬದಲು ಹೆದರುವುದೇ ಲೇಸು.

ಕೊನೆಯದಾಗಿ ಪ್ರೇಕ್ಷಕರಿಗೆ ಒಂದು ಮಾತು. ರೆಫರಿಯ ಕೈ ತಡೆಯುವುದು ಹಲವೊಮ್ಮೆ ಅವನ ಅಜ್ಞಾನವಲ್ಲ, ನಮ್ಮ ಕೂಗು. ಬೇಗ ನಿಲ್ಲಿಸಿದರೆ ಬೈಯುವವರು ಸಾವಿರ ಮಂದಿ. ತಡವಾಗಿ ನಿಲ್ಲಿಸಿದಾಗ ಆ ಸಾವಿರ ಮಂದಿಯಲ್ಲಿ ಒಬ್ಬನೂ ಆಸ್ಪತ್ರೆಯ ಬಾಗಿಲಲ್ಲಿ ನಿಂತಿರುವುದಿಲ್ಲ. ಅಲ್ಲಿ ನಿಂತಿರುವವಳು ತಾಯಿಯೊಬ್ಬಳೇ. ಇನ್ನು ಮುಂದೆ ನಮ್ಮೂರಿನ ಯಾವುದಾದರೂ ಅಖಾಡದಲ್ಲಿ, ತೂರಾಡುತ್ತಿರುವ ಹುಡುಗನಿಗೆ ಅಡ್ಡಬಂದು ರೆಫರಿಯೊಬ್ಬರು ಪಂದ್ಯ ನಿಲ್ಲಿಸಿದರೆ, ನಾವು ಎದ್ದು ನಿಂತು ಚಪ್ಪಾಳೆ ತಟ್ಟೋಣ. ಮುಂದಿನ ಸಲ ಸಂಶಯ ಬಂದಾಗ ಕೈಬೀಸುವ ಧೈರ್ಯ ಅವರಿಗೆ ಆ ಚಪ್ಪಾಳೆಯಿಂದಲೇ ಬರಲಿ.